ಕಿವಿಗಣತಿ

ಸದ್ದು ಎಂದರೆ ಕೇಳಿಸಿದ್ದು. ಕೇಳಿಸದೇ ಹೋದದ್ದು ಸದ್ದಲ್ಲ.

ಹೊಸ ಕಾಯ್ದೆಯ ಮೂರನೆಯ ಕಲಮು ಇಷ್ಟೇ. ಬರೆದವರು ಯಾರೋ ಗೊತ್ತಿಲ್ಲ, ಅವರ ಮನೆಯ ಪಕ್ಕದಲ್ಲಿ ಮಾತ್ರ ಎಂದೂ ಯಾರೂ ಏನನ್ನೂ ಕೆಡವಿರಲಿಕ್ಕಿಲ್ಲ. ಅದಕ್ಕೂ ಮೊದಲು ಕಟ್ಟುವವನು, ಕೆಡವುವವನು ಎಷ್ಟು ಸದ್ದು ಮಾಡುತ್ತಾನೆಂದು ಅಳೆಯುತ್ತಿದ್ದರು. ನಸುಕಿನಲ್ಲಿ ಬೇಡ, ಪರೀಕ್ಷೆಯ ದಿನಗಳಲ್ಲಿ ಬೇಡ, ಬಾಣಂತಿ ಇರುವ ಮನೆಯ ಹತ್ತಿರ ಸ್ವಲ್ಪ ತಡೆಯಿರಿ ಎಂದು ಜನ ಜಗಳ ತೆಗೆಯುತ್ತಿದ್ದರು. ನಿಶ್ಶಬ್ದ ಪಟ್ಟಿ ಬಂದ ಮೇಲೆ ಆ ರಗಳೆಯೆಲ್ಲ ತಪ್ಪಿತು.

ಪಟ್ಟಿ ಎಂದರೆ ಬೆರಳಗಲದ ಒಂದು ಬೂದು ರಿಬ್ಬನ್ನು. ಕಿಟಕಿಯ ಚೌಕಟ್ಟಿಗೆ, ಬಾಗಿಲ ಮೇಲೆ, ಅಂಗಳದ ಕಂಬಕ್ಕೆ ಅಂಟಿಸಿದರೆ ಆಯಿತು. ಬರುವ ಸದ್ದನ್ನು ಅದು ಮೊದಲು ತಾನು ಕೇಳಿಸಿಕೊಳ್ಳುತ್ತದೆ. ಸದ್ದಿನ ಅಲೆ ಉಬ್ಬುವಲ್ಲಿ ತಗ್ಗುವ, ತಗ್ಗುವಲ್ಲಿ ಉಬ್ಬುವ ಇನ್ನೊಂದು ಅಲೆಯನ್ನು ಅದೇ ಗಳಿಗೆಯಲ್ಲಿ ಬಿಡುತ್ತದೆ. ಎರಡೂ ಒಂದನ್ನೊಂದು ನುಂಗುತ್ತವೆ. ಪಟ್ಟಿಗೆ ಒಂದು ಮಟ್ಟ ಹೇಳಿಟ್ಟರೆ ಸುತ್ತಿಗೆಯಾಗಲಿ, ಲಾರಿಯಾಗಲಿ, ಸಿಡಿಲಾಗಲಿ, ಅದರ ಮೇಲೆ ಏರಗೊಡುವುದಿಲ್ಲ. ಎಲ್ಲವನ್ನೂ ಒತ್ತಿ ಒತ್ತಿ ಒಂದೇ ಗುಂಯ್‌ಗುಡುವ ದನಿ ಮಾಡಿಬಿಡುತ್ತದೆ.

ಹೀಗಾಗಿ ಸುತ್ತಿಗೆ ಎಷ್ಟು ದೊಡ್ಡದೆಂದು ಕೇಳುವ ಕೆಲಸ ಮುಗಿದು, ಅದು ಯಾರ ಕಿವಿಗೆ ಎಷ್ಟು ಬಿತ್ತೆಂದು ಕೇಳುವ ಕೆಲಸ ಶುರುವಾಯಿತು. ಕೆಡವುವ ಜಾಗದ ಸುತ್ತ ಇರುವ ಪ್ರತಿಯೊಬ್ಬರ ಕಿವಿಯನ್ನೂ ಪರೀಕ್ಷಿಸಿ ದಾಖಲಿಸಬೇಕು. ಜನ ಅದಕ್ಕೆ ಕಿವಿಗಣತಿ ಎಂದು ಹೆಸರಿಟ್ಟರು. ಪಟ್ಟಿ ದಾಟಿ ಒಳಗೆ ಬರುವ ಸದ್ದಿನ ಮಟ್ಟವನ್ನೂ ಗಣತಿಯ ಕಿವಿಗಳನ್ನೂ ಸೇರಿಸಿ ಓಣಿಗೊಂದು ಅಂಕ ತೆಗೆಯುತ್ತಾರೆ. ನಲವತ್ತೈದರೊಳಗಿದ್ದರೆ ಹಸಿರು. ದಾಟಿದರೆ ಕೆಂಪು, ಕೆಡವುವ ಯಂತ್ರ ತಾನಾಗಿಯೇ ನಿಲ್ಲುತ್ತದೆ.

ಹುಬ್ಬಳ್ಳಿಯ ಶಬ್ದ ಪರಿಣಾಮ ಕೇಂದ್ರದಲ್ಲಿ ಈ ಕೆಲಸ ಮಾಡುವ ಆರು ಜನರಲ್ಲಿ ನೀಲಾಂಬಿಕಾ ಹೊಂಬಳ ಒಬ್ಬಳು. ಹತ್ತು ವರ್ಷದ ನೌಕರಿ, ಒಂದು ತಪ್ಪಿಲ್ಲ. ಹಳೆಯ ಹತ್ತಿ ಗಿರಣಿ ಕೆಡವಲು ಅದನ್ನು ಕೊಂಡ ಕಂಪನಿ ಅರ್ಜಿ ಹಾಕಿದಾಗ ಅದಕ್ಕೆ ಅಂಟಿಕೊಂಡಿರುವ ಗಿರಣಿ ಚಾಳಿನ ಗಣತಿ ಮಾಡಿದವಳು ಇವಳೇ. ಮೂವತ್ತಾರು ಖೋಲಿ, ನೂರಾ ಮೂವತ್ತೊಂದು ಜನ. ಒಬ್ಬೊಬ್ಬರಿಗೂ ಹೆಡ್‌ಫೋನು ಹಾಕಿ, ಬಲಗಿವಿ, ಎಡಗಿವಿ ಎಂದು ಎರಡು ಚೌಕ ತುಂಬಿದ್ದಳು. ಫಾರಮ್ಮಿನಲ್ಲಿ 'ಇತರೆ' ಎಂಬ ಮೂರನೆಯ ಚೌಕವೂ ಉಂಟು. ಕಿವಿಯ ಹಿಂದಿನ ಎಲುಬಿನ ಮೂಲಕ ಕೇಳುವ ಯಂತ್ರ ಹಾಕಿಸಿಕೊಂಡವರಿಗೆಂದು ಇಟ್ಟದ್ದು. ಅಂಥವರಿಗಾಗಿ ಅವಳ ಚೀಲದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಸಂವೇದಕ ಇತ್ತು. ಚಾಳಿನಲ್ಲಿ ಅದನ್ನು ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ನಲವತ್ತಮೂರು ಜನ ಮುದುಕ ಮುದುಕಿಯರಿಗೆ ಎರಡೂ ಚೌಕದಲ್ಲಿ ಶೂನ್ಯ ಬರೆದಿದ್ದಳು. ಗಿರಣಿಯ ಸಾಂಚಾಗಳ, ಆ ಗಡಗಡಿಸುವ ಯಂತ್ರಗಳ, ನಡುವೆ ಆಯುಷ್ಯ ಕಳೆದವರ ಕಿವಿ ಉಳಿಯುತ್ತದೆಯೇ?

ಕೆಡವುವುದು ಶುರುವಾಗಿ ಆರು ವಾರವಾಗಿತ್ತು. ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ಗಿರಣಿ ಚಾಳು ಹಸಿರಾಗಿ ಹೊಳೆಯುತ್ತಿತ್ತು. ಅಂಕ ಮೂವತ್ತೆಂಟು.

ಗುರುವಾರ ಬೆಳಿಗ್ಗೆ ಮುಖ್ಯ ಪರೀಕ್ಷಕ ಗಲಗಲಿ ಒಂದು ಹಾಳೆ ಹಿಡಿದು ನಗುತ್ತ ಬಂದ. ಐವತ್ತೆಂಟರ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಬಾಕಿ. ಯಾವ ಫೈಲೂ ತನ್ನ ಮೇಜಿನ ಮೇಲೆ ರಾತ್ರಿ ಉಳಿಯಬಾರದೆಂಬುದು ಅವನ ವ್ರತ.

"ನೀಲಾ ಅವ್ರ, ನಿಮ್ಮ ಚಾಳಿಂದ ಹನ್ನೊಂದು ತಕರಾರು ಬಂದಾವು ನೋಡ್ರಿ. ಎಲ್ಲಾ ಒಂದ. ಏನಂತೀರಿ? ಬ್ಯಾಳಿ ಹೊತ್ತೈತಿ ಅಂತ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನೀಲಾ ಕೂಡ ನಕ್ಕಳು.

"ಶನಿವಾರ ಹನ್ನೊಂದಕ್ಕ ಗೋದಾಮಿನ ಕಂಬ ಕೊಯ್ದು ಕೆಡವ್ತಾರ. ಒಂದ ಸಲಕ್ಕ ಇಡೀ ಗೋದಾಮು. ಅದಕ್ಕ ನಿಮ್ಮ 'ಪರಿಣಾಮ ಶೂನ್ಯ' ಸರ್ಟಿಫಿಕೇಟು ಬೇಕು. ಹೋಗಿ ಬ್ಯಾಳಿ ನೋಡಿ ಬರ್ರಿ, ಬಂದು ಸಹಿ ಹಾಕ್ರಿ," ಎಂದ ಗಲಗಲಿ.

ಚಾಳು ಉದ್ದಕ್ಕೆ ಎರಡಂತಸ್ತು. ಅದರ ಹಿಂದಿನ ಕಲ್ಲುಗೋಡೆ ಗಿರಣಿಯ ಗೋದಾಮಿಗೆ ಹೆಚ್ಚುಕಡಿಮೆ ಬೆನ್ನು ಹಚ್ಚಿಕೊಂಡೇ ನಿಂತಿತ್ತು. ನೀಲಾ ಅಂಗಳಕ್ಕೆ ಕಾಲಿಟ್ಟಾಗ ಗೋಡೆಯಾಚೆ ಬ್ರೇಕರ್ ಯಂತ್ರದ ಉಕ್ಕಿನ ಮೂತಿ ಗೋದಾಮಿನ ಕಾಂಕ್ರೀಟನ್ನು ಕುಟ್ಟುತ್ತಿರುವುದು ಕಾಣುತ್ತಿತ್ತು. ಕಾಣುತ್ತಿತ್ತು ಅಷ್ಟೇ, ಕೇಳಿಸುತ್ತಿದ್ದುದು ಬರೀ ಗುಂಯ್. ಗಿರಣಿಯ ಹಳೇ ಫೋಟೋ ಒಂದು ಅಲುಗಾಡುತ್ತಿದ್ದರೆ ಹೇಗಿರುತ್ತದೋ ಹಾಗೆ.

ಹದಿನೇಳನೆಯ ಖೋಲಿಯ ಸಾವಂತ್ರಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಕಪ್ಪು ಹಿಡಿದ ಕುಕ್ಕರನ್ನು ತಂದು ನೀಲಾಳ ಮುಂದೆ ಕುಕ್ಕಿದಳು. ಏನೋ ಹೇಳಿದಳು. ತುಟಿ ಅಲುಗಿತು, ಮಾತು ಗುಂಯ್‌ನಲ್ಲಿ ಕರಗಿ ಹೋಯಿತು. ನೀಲಾ ಬಾಗಿ ಕಿವಿಗೊಟ್ಟಳು.

"ಮೂರು ಕೂಗಿಗೆ ಇಳಿಸಬೇಕ್ರೀ ಮೇಡಮ್ಮಾರ! ಕೂಗೂದು ಕೇಳಿದ್ರ ಇಳಿಸ್ತೀನಿ, ಕೇಳದಿದ್ರ ಹೆಂಗ ಇಳಿಸಲಿ? ನಿಮ್ಮ ಆ ಪಟ್ಟಿ ಸುತ್ತಗೀನೂ ನುಂಗತೈತಿ, ನನ್ನ ಕುಕ್ಕರೂ ನುಂಗತೈತಿ. ಮೊನ್ನಿ ಮೂಲೀಮನಿ ಕೂಸು ತೊಟ್ಟಲದಾಗಿಂದ ಬಿದ್ದು ಒಂದ ತಾಸು ಅತ್ತೈತಿ. ಅವರವ್ವ ಬಾಗಲ್ದಾಗ ಕುಂತು ಕಾಳು ಹಸನ ಮಾಡಾಕತ್ತಿದ್ಲು. ಅದಕ್ಕ ನಿಮ್ಮ ಫಾರಮ್ಮಿನ್ಯಾಗ ಜಾಗಾ ಐತೇನ್ರೀ?"

ಇರಲಿಲ್ಲ. ತಕರಾರಿನ ಫಾರಮ್ಮಿನಲ್ಲಿ ಇದ್ದ ಪ್ರಶ್ನೆ ಒಂದೇ: ಸದ್ದು ಹೆಚ್ಚು ಕೇಳಿಸುತ್ತಿದೆಯೇ? ಕೇಳಿಸುತ್ತಿಲ್ಲವೆಂದು ದೂರುವವರಿಗೆ ಚೌಕವಿರಲಿಲ್ಲ.

ಅಂಗಳದಲ್ಲಿ ಮಕ್ಕಳು ಆಡುತ್ತಿದ್ದವು, ಒಂದೂ ಬಾಯಿ ಬಿಡದೆ. ಒಂದು ಹುಡುಗಿ ಬೆರಳನ್ನು ಬಾಯಿಗೆ ಹಿಡಿದು ಬಗ್ಗಿಸಿದಳು, ಚಹಾ. ಇನ್ನೊಬ್ಬಳು ಭುಜ ತಟ್ಟಿಕೊಂಡಳು, ಸಾಹೇಬ ಬಂದ. ಮತ್ತೊಬ್ಬಳು ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಬೀಸಿ ಬಿಚ್ಚಿದಳು. ಉಳಿದವೆಲ್ಲ ಅಂಗಳದ ಆಚೆ ಓಡಿದವು.

"ಅದೇನಾಟ?"

"ಗಿರಣಿ ಮಾತ್ರೀ. ಸಾಂಚಾ ನಡಿಯೂಮುಂದ ಬಾಯಿ ಮಾತು ಕೇಳತಿದ್ದಿಲ್ಲಲ್ಲ, ಹಿರ್ಯಾರು ಕೈಯಾಗ ಮಾತಾಡತಿದ್ರು. ಈಗ ನಾವೂ ಕಲ್ತೇವಿ. ಕೊನೀದು, ಸಾಂಚಾ ತಿರಗಸೂ ಪಟ್ಟಾ ಹರಿದೈತಿ, ಓಡ್ರಿ ಅಂತ," ಎಂದಳು ಸಾವಂತ್ರಿ.

ಕಂಪನಿಯ ಸೈಟ್ ಮ್ಯಾನೇಜರ್ ಇನಾಮದಾರನ ವರದಿಯಲ್ಲಿ ಇದರ ಬಗ್ಗೆ ಒಂದು ಸಾಲಿದ್ದದ್ದು ನೀಲಾಳಿಗೆ ನೆನಪಾಯಿತು. 'ನಿವಾಸಿಗಳು ಸಂತೋಷದಿಂದ ಹೊಂದಿಕೊಂಡಿದ್ದಾರೆ.' ಅದನ್ನು ಓದಿ ಅವಳೂ ಒಪ್ಪಿಗೆಯ ಗುರುತು ಹಾಕಿದ್ದಳು. ಈಗ ಕಿವಿ ಬಿಸಿಯಾಯಿತು.

ಒಳಗೆ ಸಾವಂತ್ರಿಯ ಅತ್ತೆ ಫಕೀರವ್ವ ಹಿಂದಿನ ಗೋಡೆಗೆ ಅಂಗೈ ಹಚ್ಚಿಕೊಂಡು ಕೂತಿದ್ದಳು. ಎಪ್ಪತ್ತೆಂಟರ ಮುದುಕಿ, ಸ್ಪಿನ್ನಿಂಗ್ ಖಾತೆಯಲ್ಲಿ ಮೂವತ್ತೊಂದು ವರ್ಷ. ಗಣತಿಯ ದಿನ ಹೆಡ್‌ಫೋನನ್ನು ತಲೆಗೆ ಪೇಟದ ಹಾಗೆ ಸುತ್ತಿಕೊಂಡು ಎಲ್ಲರನ್ನೂ ನಗಿಸಿದವಳು. ಎರಡೂ ಕಿವಿ ಶೂನ್ಯ. ತುಟಿ ನೋಡಿ ಮಾತು ತಿಳಿಯುತ್ತಾಳೆ, ತಾನು ಮಾತಾಡಿದರೆ ಮಾತ್ರ ಇಡೀ ಖಾತೆಗೆ ಕೇಳಬೇಕು ಎಂಬಂತೆ ಕೂಗುತ್ತಾಳೆ.

"ಬಾ ತಂಗಿ. ಕೈ ಹಚ್ಚು."

ನೀಲಾ ಹಚ್ಚಿದಳು. ಕಲ್ಲು ತಣ್ಣಗಿತ್ತು. ಅದುರುವುದು ತಿಳಿಯಿತು, ಬೇರೇನೂ ತಿಳಿಯಲಿಲ್ಲ.

"ಮೊದಲ ವಾರ ಬಡದ್ರ ಗ್ವಾಡಿ ಒಮ್ಮೆ ಜಗ್ಗಿ ಸುಮ್ಮನಾಗತಿತ್ತು. ಈಗ ಸುತ್ತಗಿ ನಿಂತ್ರೂ ಗ್ವಾಡಿ ನಿಂದ್ರವಲ್ದು. ಮೂರು ಎಣಿಸೂತನಕ ನಡಗತೈತಿ. ಬೇರಿಂಗು ಸಡ್ಲಾದ ನೂಲಿನ ಸ್ಪಿಂಡಲ್ ಹಿಂಗ ತಂಗಿ, ಗಾಲಿ ನಿಂತ್ರೂ ತಾನು ನಿಂದ್ರೂದಿಲ್ಲ. ನಾ ಕೈ ಇಟ್ಟು ಹೇಳತಿದ್ನಿ, ಇವತ್ತು ಸಂಜಿಕ ಮುರಿತೈತಿ ಅಂತ. ಮುರೀತಿತ್ತು."

ನೀಲಾ ತನ್ನ ಟ್ಯಾಬು ತೋರಿಸಿದಳು. ಹಸಿರು. ಮೂವತ್ತೆಂಟು.

ಮುದುಕಿ ಅದನ್ನು ನೋಡಿದಳು, ನೀಲಾಳ ಮುಖ ನೋಡಿದಳು. "ನಿನ್ನ ಮಷೀನಿಗೆ ಕಿವಿ ಅದಾವು, ಕೈ ಇಲ್ಲ," ಎಂದು ಮತ್ತೆ ಗೋಡೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ತನ್ನ ಮನೆಯ ಅಡಿಗೆಮನೆಯಲ್ಲಿ ನೀಲಾ ಕುಕ್ಕರ್ ಒಲೆಗಿಟ್ಟು ನಿಂತಿದ್ದಳು. ಮೇಲಿನ ಮನೆಯವರು ಮಿಕ್ಸರ್ ಹಚ್ಚಿದರು. ಸುಮ್ಮನೆ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಜುಮುಜುಮು. ಮಿಕ್ಸರ್ ನಿಂತೊಡನೆ ಅದೂ ಥಟ್ಟನೆ ನಿಂತಿತು. ಗಟ್ಟಿ ಗೋಡೆ ಹಾಗೇ ನಿಲ್ಲಬೇಕು. ಕುಕ್ಕರ್ ಮೂರು ಸಲ ಕೂಗಿತು. ಗ್ಯಾಸ್ ಆರಿಸಿ, ಊಟದ ಡಬ್ಬಿ ಕಟ್ಟುವುದನ್ನೂ ಮರೆತು ಕೇಂದ್ರಕ್ಕೆ ಓಡಿದಳು.

ಪಟ್ಟಿ ಯಾವ ಸದ್ದನ್ನು ಒತ್ತಿ ಹಾಕಬೇಕೋ ಅದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಲೇಬೇಕು. ಕೇಳಿಸಿಕೊಂಡದ್ದನ್ನು ಎಂಟು ವಾರ ಕಾದಿಡುತ್ತದೆ. ಅದನ್ನು ತೆರೆದು ನೋಡುವ ಪದ್ಧತಿ ಕೇಂದ್ರದಲ್ಲಿ ಯಾರಿಗೂ ಇರಲಿಲ್ಲ. ಒತ್ತಿ ಹಾಕಿದ್ದನ್ನು ಮತ್ತೆ ಯಾಕೆ ಕೇಳಬೇಕು? ನೀಲಾ ಹದಿನೇಳನೆಯ ಖೋಲಿಯ ಕಡತ ತೆರೆದು ಹೆಡ್‌ಫೋನು ಹಾಕಿಕೊಂಡಳು.

ಸುತ್ತಿಗೆ. ತಲೆಬುರುಡೆ ಸೀಳುವಂಥ ಸುತ್ತಿಗೆ. ಅದರ ನಡುವೆ ಸಾವಂತ್ರಿಯ ಕುಕ್ಕರು, ಮೂಲೆಮನೆಯ ಕೂಸು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಕೆಲಸಗಾರರ ಊಟದ ಬಿಡುವು, ಆಗ ಸುತ್ತಿಗೆಯಿಲ್ಲ. ಆ ಬಿಡುವಿನಲ್ಲಿ ಟಪ್. ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ಒಣ ಕಟ್ಟಿಗೆ ಮುರಿದ ಹಾಗೆ. ಮೊದಲ ವಾರ ಬಿಡುವಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ನಾಲ್ಕನೆಯ ವಾರ ದಿನಕ್ಕೆ ಐದಾರು. ನಿನ್ನೆ ಒಂದೇ ತಾಸಿನಲ್ಲಿ ಅರವತ್ತೆರಡು. ಕಲ್ಲಿನಿಂದ ಕಲ್ಲು ಬಿಡುತ್ತಿದ್ದ ಸದ್ದು. ಚಾಳಿನವರಿಗೆ ಅದು ಪಕ್ಕದ ಮನೆಯಲ್ಲಿ ಯಾರೋ ಚಮಚೆ ಇಟ್ಟ ಹಾಗೆ ಕೇಳಿಸಿರಬೇಕು. ಪಟ್ಟಿ ಇರದಿದ್ದರೆ ಮೂರನೆಯ ವಾರಕ್ಕೇ ಇಡೀ ಚಾಳು ಎದ್ದು ಅಂಗಳಕ್ಕೆ ಬಂದು ಕೂತಿರುತ್ತಿತ್ತು.

ಪ್ರತಿ ಏಟಿನ ಬಾಲವನ್ನೂ ಅಳೆದಳು. ಮೊದಲ ವಾರ ಏಟು ಬಿದ್ದ ಅರ್ಧ ಸೆಕೆಂಡಿನಲ್ಲಿ ಗೋಡೆ ತೆಪ್ಪಗಾಗುತ್ತಿತ್ತು. ನಿನ್ನೆ ಎರಡು ಮುಕ್ಕಾಲು ಸೆಕೆಂಡು. ಮುದುಕಿ ಮೂರು ಎಣಿಸುವತನಕ ಎಂದಿದ್ದಳು.

ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಖೋಲಿಗಳ ಒಳಗಿನ ಮಟ್ಟ ಎಲ್ಲ ಕಡೆ ಐವತ್ತೇಳು. ಪಟ್ಟಿಗೆ ಹೇಳಿಟ್ಟ ಮಟ್ಟವೇ ಅದು. ಹಾಗಿದ್ದರೆ ಚಾಳಿನ ಅಂಕ ಮೂವತ್ತೆಂಟು ಹೇಗಾಯಿತು? ಕಾಗದದ ಮೇಲೆ ಹಾಕಿ ನೋಡಿದಳು. ಕೇಳುವ ಎಂಬತ್ತೆಂಟು ಜನಕ್ಕೆ ಐವತ್ತೇಳು. ಕೇಳದ ನಲವತ್ತಮೂರು ಜನಕ್ಕೆ ಸೊನ್ನೆ. ಎಲ್ಲ ಕೂಡಿಸಿ ನೂರಾ ಮೂವತ್ತೊಂದರಿಂದ ಭಾಗಿಸಿದರೆ ಮೂವತ್ತೆಂಟು.

ಪೆನ್ನನ್ನು ಮೇಜಿನ ಮೇಲೆ ಎಸೆದಳು. ಗಿರಣಿ ತಿಂದು ಹಾಕಿದ ಕಿವಿಗಳನ್ನೇ ಕಂಪನಿ ತಕ್ಕಡಿಗೆ ಹಾಕಿತ್ತು. ಮುದುಕರು ಕಿವುಡರಾಗಿದ್ದಷ್ಟೂ ಅವರ ಮಕ್ಕಳ ತಲೆಯ ಮೇಲೆ ಜೋರಾಗಿ ಬಡಿಯಬಹುದು. ಆ ನಲವತ್ತಮೂರು ಸೊನ್ನೆಗಳನ್ನು ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟವಳು ತಾನು. ಅಳು ಬರಲಿಲ್ಲ, ಯಾರನ್ನಾದರೂ ಹಿಡಿದು ಜಾಡಿಸಬೇಕೆನಿಸಿತು.

ಗಲಗಲಿಯ ಮುಂದೆ ಹೆಡ್‌ಫೋನು ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಗ್ವಾಡಿ ಬಿರಕು ನಮ್ಮ ಖಾತೆ ಅಲ್ಲ ನೀಲಾ. ನಮ್ಮದು ಕಿವಿ."

"ಹಂಗಾದ್ರ ಯಾರ ಖಾತೆ ಸರ್?"

"ಕಟ್ಟಡ ಖಾತೆ. ಅಲ್ಲಿ ಮನೀ ಮಾಲೀಕರು ತಕರಾರು ಕೊಡಬೇಕು."

"ಚಾಳಿನ ಮಾಲೀಕರು ಕಂಪನಿಯವರು. ಗಿರಣಿ ಕೂಡ ಚಾಳೂ ಕೊಂಡಾರ."

"ಹಂಗಾದ್ರ ಅವರು ಕೊಡೂದಿಲ್ಲ," ಎಂದು ಗಲಗಲಿ ಬಲು ಸರಳವಾಗಿ ಹೇಳಿದ.

"ಸರ್, ನಾಳೆ ಗೋದಾಮು ಬಿದ್ರ ಆ ಗ್ವಾಡಿ ನಿಂದ್ರೂದಿಲ್ಲ. ಅದರ ಬೆನ್ನಿಗೆ ಹದಿನಾಲ್ಕು ಮನಿ ಅದಾವು. ನಾ ಸಹಿ ಹಾಕೂದಿಲ್ಲ."

"ಹಾಕಬ್ಯಾಡ್ರಿ. ಹನ್ನೊಂದರತನಕ ಅಂಕ ನಲವತ್ತೈದು ದಾಟದಿದ್ರ ಸಹಿ ಬಿದ್ದಂಗ ಅಂತ ಕಾಯ್ದೆ ಹೇಳತೈತಿ. ಮಷೀನು ತಾನ ಹಾಕ್ಕೋತೈತಿ. ಸುಮ್ಮನ ಯಾಕ ಹೆಸರು ಕೆಡಿಸ್ಕೋತೀರಿ?"

ಕಟ್ಟಡ ಖಾತೆಗೂ ಹೋಗಿ ಬಂದಳು. ಅಲ್ಲಿ ಸೋಮವಾರ ಬನ್ನಿ ಎಂದರು.

ಶನಿವಾರ ಒಂಬತ್ತಕ್ಕೆ ಚಾಳಿಗೆ ಹೋದಳು. ಎಲ್ಲರೂ ಹೊರಗೆ ಬನ್ನಿ, ಗೋಡೆ ಬೀಳುತ್ತದೆ ಎಂದು ಬಾಗಿಲು ಬಾಗಿಲಿಗೆ ಹೇಳಿದಳು. ಜನ ಅವಳ ಕೈಯಲ್ಲಿದ್ದ ಟ್ಯಾಬು ನೋಡಿದರು. ಅದು ಹಸಿರಾಗಿತ್ತು. ಆರು ವಾರ ಚಾಳು ಹಸಿರು, ಏನೂ ಆಗಿಲ್ಲ ಎಂದು ಬರೆದುಕೊಟ್ಟವಳೂ, ಮೊನ್ನೆ ಅದನ್ನೇ ತೋರಿಸಿದವಳೂ ಇವಳೇ ಅಲ್ಲವೇ?

"ಹೊರಗ ಬಂದು ಎಲ್ಲಿಗೆ ಹೋಗೂದ್ರಿ? ಒಂದ ಸಲ ಖೋಲಿ ಬಿಟ್ರ ಇನಾಮದಾರ ಸಾಹೇಬ್ರು ಕೀಲಿ ಜಡೀತಾರ. ಅದಕ್ಕ ಕಾಯಾಕತ್ತಾರ ಅವರು," ಎಂದಳು ಸಾವಂತ್ರಿ.

ಅದೂ ನಿಜ. ಜನ ಏಳುವುದಿಲ್ಲ. ಹಾಗಾದರೆ ಯಂತ್ರ ನಿಲ್ಲಬೇಕು. ಯಂತ್ರ ನಿಲ್ಲಬೇಕಾದರೆ ಅಂಕ ನಲವತ್ತೈದು ದಾಟಬೇಕು. ನೀಲಾ ಹದಿನೇಳನೆಯ ಖೋಲಿಯ ಹೊಸ್ತಿಲ ಮೇಲೆ ಕೂತು ಟ್ಯಾಬಿನಲ್ಲಿ ಫಕೀರವ್ವನ ಫಾರಮ್ಮು ತೆರೆದಳು. ಬಲಗಿವಿ ಶೂನ್ಯ. ಎಡಗಿವಿ ಶೂನ್ಯ. ಇತರೆ, ಖಾಲಿ.

ಖಾಲಿ ಚೌಕವನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಚೀಲದ ತಳದಿಂದ ಗುಂಡಿಯಂಥ ಸಂವೇದಕ ಹುಡುಕಿ ತೆಗೆದಳು.

"ಯವ್ವಾ, ಕೈ ಕೊಡ್ರಿ."

ಸಂವೇದಕವನ್ನು ಮುದುಕಿಯ ಮಣಿಕಟ್ಟಿನ ಎಲುಬಿಗೆ ಅಂಟಿಸಿ, ಅಂಗೈಯನ್ನು ಗೋಡೆಗೆ ಇಡಿಸಿದಳು. ಎಲುಬಿನ ಮೂಲಕ ಬಂದದ್ದನ್ನು ಅಳೆಯಲೆಂದೇ ಮಾಡಿದ ಯಂತ್ರ ಅದು. ಅದಕ್ಕೆ ಕಿವಿಯ ಹಿಂದಿನ ಎಲುಬಾದರೇನು, ಕೈಯ ಎಲುಬಾದರೇನು? ಪಟ್ಟಿ ಗಾಳಿಯಲ್ಲಿ ಬರುವ ಸದ್ದನ್ನು ತಡೆಯಬಲ್ಲದು, ಕಲ್ಲಿನಲ್ಲಿ ಬರುವುದನ್ನಲ್ಲ. ಅಂಕಿ ಏರಿತು. ತೊಂಬತ್ತೊಂದು.

ಕೇಳುವ ಅಂಗ: ಇತರೆ. ವಿವರ: ಅಂಗೈ. ಮಟ್ಟ: ತೊಂಬತ್ತೊಂದು. ನೀಲಾ ಒತ್ತಿದಳು. ಫಾರಮ್ಮು ಬಾಯಿ ಮುಚ್ಚಿಕೊಂಡು ತೆಗೆದುಕೊಂಡಿತು. ಚಾಳಿನ ಅಂಕ ಮೂವತ್ತೊಂಬತ್ತಾಯಿತು.

ಫಕೀರವ್ವನಿಗೆ ಇಷ್ಟು ಸಾಕಾಯಿತು. ಬಾಗಿಲಿಗೆ ಹೋಗಿ ಕೈ ಎತ್ತಿ ಬೆರಳುಗಳಲ್ಲಿ ಅದೇನೋ ಹೇಳಿದಳು. ಒಂದು ಕಾಲಕ್ಕೆ ಗಿರಣಿಯ ಬ್ಲೋ ರೂಮಿನಲ್ಲಿದ್ದ ಹುಸೇನಸಾಬ, ವೈಂಡಿಂಗ್ ಖಾತೆಯ ಮಲ್ಲವ್ವ, ಒಬ್ಬೊಬ್ಬರೇ ಕೋಲೂರುತ್ತ ಬಂದು ಸಾಲಾಗಿ ನಿಂತರು, ಹಾಜರಿ ಕೊಡಲು ನಿಂತ ಹಾಗೆ. ಆರು ವಾರದಿಂದ ಇವರನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಅಂಗೈ ಮುಂದೆ ಚಾಚಿ, ಇದರಲ್ಲಿ ಬರುತ್ತದೆ, ಮೊಣಕೈತನಕ ಬರುತ್ತದೆ, ಊಟ ಮಾಡುವಾಗ ತಾಟಿನಿಂದ ಹಲ್ಲಿಗೆ ಬರುತ್ತದೆ ಎಂದು ಕೂಗಿ ಕೂಗಿ ಹೇಳಿದರು.

ಹತ್ತನೆಯ ಅಂಗೈಗೆ ಅಂಕ ನಲವತ್ತೈದು ದಾಟಿತು. ಟ್ಯಾಬು ಕೆಂಪಾಯಿತು. ಗೋಡೆಯಾಚೆ ಬ್ರೇಕರಿನ ಉಕ್ಕಿನ ಮೂತಿ ಮೇಲೆತ್ತಿದಲ್ಲೇ ನಿಂತಿತು. ಹತ್ತು ಗಂಟೆ ನಲವತ್ತು ನಿಮಿಷ.

ಇನಾಮದಾರ ಹಳದಿ ಟೊಪ್ಪಿಗೆ ಹಾಕಿಕೊಂಡು ಅಂಗಳಕ್ಕೆ ನುಗ್ಗಿ ಬಂದ. ನೀಲಾ ಹನ್ನೊಂದನೆಯ ಅಂಗೈಯ ಫಾರಮ್ಮು ತೆರೆಯುತ್ತಿದ್ದಳು.

"ಏನ್ ನಡಿಸೀರಿ ಮೇಡಂ? ಕಂಬ ಅರ್ಧಾ ಕೊಯ್ದು ನಿಂತಾವು!"

"ಕಿವಿಗಣತಿ ನಡಿಸೇನಿ."

"ಅಂಗೈ ಕಿವಿ ಆಗತೈತೇನ್ರೀ?"

"ಕಿವುಡರ ಕಿವಿ ಸೊನ್ನಿ ಆಗೂದಾದ್ರ ಅಂಗೈ ಕಿವಿ ಯಾಕ ಆಗಬಾರದು?" ಅವಳ ದನಿ ಏರಿತು. ಪಟ್ಟಿ ಅದನ್ನೂ ಒತ್ತಿತು, ಆದರೂ ಅವನಿಗೆ ತುಟಿ ಕಂಡಿತು. "ಗ್ವಾಡಿ ಬೀಳತೈತ್ರೀ ಇನಾಮದಾರ. ಜನಾ ಅದಾರ ಒಳಗ. ನೀವ ಬಂದು ಒಮ್ಮೆ ಕೈ ಹಚ್ಚಿ ನೋಡ್ರಿ."

ಅವನು ಕೈ ಹಚ್ಚಲಿಲ್ಲ. ಫೋನು ಹಚ್ಚಿದ.

ಗೋಡೆ ಒಂದೇ ಆದ್ದರಿಂದ, ಯಂತ್ರ ನಿಲ್ಲುವ ಮೊದಲು ಸಿಕ್ಕ ತೊಂಬತ್ತೊಂದನ್ನೇ ಉಳಿದವರಿಗೂ ಹಾಕುತ್ತ ನೀಲಾ ಇಪ್ಪತ್ತೊಂದನೆಯ ಅಂಗೈ ಬರೆದುಕೊಳ್ಳುವಷ್ಟರಲ್ಲಿ ಅಂಕ ಐವತ್ಮೂರಕ್ಕೆ ಏರಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಟ್ಯಾಬಿನಲ್ಲಿ ಒಂದು ಸಾಲು ಮೂಡಿತು. 'ಇತರೆ: ಮುಖ್ಯ ಪರೀಕ್ಷಕರ ಆದೇಶದ ಮೇರೆಗೆ ರದ್ದು.' ಐವತ್ಮೂರು ಹೋಯಿತು. ಇಪ್ಪತ್ತೊಂದು ಅಂಗೈ ಮಾಯವಾಗಿ ಇಪ್ಪತ್ತೊಂದು ಸೊನ್ನೆ ಮರಳಿ ಬಂದು ಕೂತವು. ಮೂವತ್ತೆಂಟು. ಹಸಿರು. ಗಲಗಲಿಯ ಮೇಜಿನ ಮೇಲೆ ಫೈಲು ಉಳಿಯಲಿಲ್ಲ.

ಬ್ರೇಕರಿನ ಮೂತಿ ಕೆಳಗಿಳಿಯಿತು.

ಫಕೀರವ್ವ ಗೋಡೆಗೆ ಕೈ ಹಚ್ಚಿಯೇ ಇದ್ದಳು. ಮೊದಲ ಏಟು ಬಿತ್ತು. ಎರಡನೆಯದು ಬಿತ್ತು. ಅವಳ ಮುಖ ಬದಲಾದದ್ದನ್ನು ನೀಲಾ ನೋಡಿದಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಕಿತ್ತುಕೊಂಡಳು. ಎದ್ದು ಬಾಗಿಲಿಗೆ ಬಂದು, ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು, ಬೀಸಿ ಬಿಚ್ಚಿದಳು.

ಪಟ್ಟಾ ಹರಿದೈತಿ. ಓಡ್ರಿ.

ನೀಲಾ ಒಂದು ತಾಸು ಗಂಟಲು ಹರಿದುಕೊಂಡರೂ ಏಳದ ಜನ ಆ ಕೈ ನೋಡಿ ಎದ್ದರು. ಅಂಗಳದಲ್ಲಿದ್ದ ಮಕ್ಕಳು ಅದೇ ಗುರುತನ್ನು ಬಾಗಿಲು ಬಾಗಿಲಿಗೆ ಒಯ್ದರು. ಅಟ್ಟದ ಮೇಲಿನವರು ಕೆಳಗಿನವರಿಗೆ, ಕೆಳಗಿನವರು ಮೂಲೆಯವರಿಗೆ ಕೈ ಬೀಸಿದರು. ಹುಸೇನಸಾಬನನ್ನು ಇಬ್ಬರು ಎತ್ತಿಕೊಂಡರು. ಸಾವಂತ್ರಿ ಹಿಟ್ಟಿನ ಕೈಯಲ್ಲೇ ಮೂಲೆಮನೆಯ ಕೂಸನ್ನು ತೊಟ್ಟಿಲಿನಿಂದ ಎತ್ತಿ ಓಡಿದಳು. ಯಾರೂ ಕಿರುಚಲಿಲ್ಲ, ಕಿರುಚಿ ಉಪಯೋಗವಿಲ್ಲವೆಂದು ಆರು ವಾರದಲ್ಲಿ ಕಲಿತಿದ್ದರು. ನೂರಕ್ಕೂ ಹೆಚ್ಚು ಜನ ಎರಡು ನಿಮಿಷದಲ್ಲಿ, ತುಟಿ ಬಿಚ್ಚದೆ, ಅಂಗಳದ ಆಚೆಯ ಬೇವಿನ ಮರದ ಕೆಳಗೆ ಬಂದು ನಿಂತರು.

ಗೋದಾಮು ಮೊದಲು ಮಂಡಿ ಊರಿತು. ಅದರ ಬೆನ್ನಿಗೇ ಹಿಂದಿನ ಗೋಡೆ ಹದಿನಾಲ್ಕನೆಯ ಖೋಲಿಯ ಹತ್ತಿರ ಉಬ್ಬಿತು, ಒಂದು ಗಳಿಗೆ ಯೋಚಿಸಿದ ಹಾಗೆ ನಿಂತಿತು, ಆಮೇಲೆ ಒಳಗೆ ಕುಸಿಯಿತು. ಅಟ್ಟದ ತೊಲೆಗಳು, ಟ್ರಂಕುಗಳು, ಸಾವಂತ್ರಿ ಹಿಟ್ಟು ನಾದುವ ಕೊಣಮಿಗೆ, ಒಲೆ, ಎಲ್ಲ ಕಲ್ಲಿನ ಅಡಿಗೆ ಹೋದವು. ನೆಲ ಕಾಲ ಕೆಳಗೆ ಹಾರಿತು. ಎದೆಯೊಳಗೆ ಏನೋ ಗುದ್ದಿತು. ಕಿವಿಗೆ ಬಂದದ್ದು ಮಾತ್ರ ಹತ್ತಿಯ ಗಂಟನ್ನು ನೆಲಕ್ಕೆ ಇಟ್ಟಂಥ ಒಂದು ದಪ್ಪ ಉಸಿರು. ಕಂಬಕ್ಕೆ ಅಂಟಿಸಿದ ಪಟ್ಟಿಗಳು ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದವು.

ನೀಲಾ ಟ್ಯಾಬು ನೋಡಿದಳು. ಒಂದು ಅಂಕಿಯೂ ಅಲುಗಿರಲಿಲ್ಲ. ಗಿರಣಿ ಚಾಳು: ಮೂವತ್ತೆಂಟು. ಹಸಿರು. ಪರಿಣಾಮ ಶೂನ್ಯ. ಅದರ ಕೆಳಗೆ ತಾನೇ ಬಿದ್ದ ಸಹಿ, ನೀಲಾಂಬಿಕಾ ಹೊಂಬಳ ಎಂದು.

ಧೂಳು ಇಳಿಯುವ ಮೊದಲೇ ಇನಾಮದಾರ ಬಂದ. "ಯಾರಿಗೂ ಏನೂ ಆಗಿಲ್ಲಲ್ಲ? ದೇವರು ದೊಡ್ಡಾವ. ಮೇಡಂ, ಅಂಕಾ ನೋಡೀರಲ್ಲ? ನಮ್ಮ ಕಡಿಂದ ಏನೂ ಆಗಿಲ್ಲ ಅಂತ ಬರಿಯಾಕ ಬರತೈತಿ. ಕಟ್ಟಡ ಹಳೇದು, ತಾನ ಬಿತ್ತು. ಇನ್ನ ಉಳಿದ ಖೋಲಿ ಸುರಕ್ಷಿತ ಅಲ್ಲ. ಎಲ್ಲಾರೂ ಇವತ್ತ ಖಾಲಿ ಮಾಡಬೇಕಾಗತೈತಿ."

ಸಾವಂತ್ರಿ ಹಿಟ್ಟು ಒಣಗಿದ ಕೈಯಿಂದ ಅವನ ಎದೆಗೆ ಒಂದು ಗುದ್ದು ಕೊಟ್ಟಳು. ಅದೂ ಸದ್ದಾಗಲಿಲ್ಲ. ಹಳದಿ ಟೊಪ್ಪಿಗೆ ಮಣ್ಣಿಗೆ ಬಿತ್ತು. ಅವನು ಅದನ್ನು ಎತ್ತಿಕೊಂಡು ಹಿಂದೆ ಹಿಂದೆ ಸರಿಯುತ್ತ ಹೋದ.

ಫಕೀರವ್ವ ಬೇವಿನ ಬೊಡ್ಡೆಗೆ ಒರಗಿ ಕೂತಿದ್ದಳು. ಅಂಗೈ ನೆಲದ ಮೇಲಿತ್ತು. ನೀಲಾ ಹೋಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ಬೀಳೂಮುಂದ ಸಪ್ಪಳಾತೇನು ತಂಗಿ?" ಮುದುಕಿ ಕೇಳಿದಳು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ನೀಲಾ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಇಲ್ಲ ಯವ್ವಾ."

"ಇಷ್ಟು ದೊಡ್ಡ ಗ್ವಾಡಿ. ನಿನಗ ಕೇಳಲಿಲ್ಲ?"

"ಕೇಳಲಿಲ್ಲ."

ಫಕೀರವ್ವನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. "ಹಂಗಾದ್ರ ನಿನ್ನ ಹೆಸರೂ ಬರಕೋ," ಎಂದಳು.

ನೀಲಾಳ ಫೋನು ಜೇಬಿನಲ್ಲಿ ಅದುರುತ್ತಿತ್ತು. ತೊಡೆಯ ಎಲುಬಿಗೆ ತಾಗಿ ತಿಳಿಯುತ್ತಿತ್ತು, ಗಲಗಲಿಯದೇ ಇರಬೇಕು. ಅದನ್ನು ತೆಗೆಯಲಿಲ್ಲ. ಟ್ಯಾಬಿನಲ್ಲಿ ಒಂದು ಹೊಸ ಫಾರಮ್ಮು ತೆರೆದಳು. ಹೆಸರು: ನೀಲಾಂಬಿಕಾ ಹೊಂಬಳ. ಬಲಗಿವಿ: ಶೂನ್ಯ. ಎಡಗಿವಿ: ಶೂನ್ಯ. ಪರೀಕ್ಷಿಸಿದವರು ಎಂಬಲ್ಲಿ ಫಕೀರವ್ವನ ಹೆಸರು ಬರೆದು, ಅವಳ ಅಂಗೈ ಹಿಡಿದು ಹೆಬ್ಬೆರಳು ಒತ್ತಿಸಿದಳು.

ಆಮೇಲೆ ಎರಡನೆಯ ಫಾರಮ್ಮು ತೆರೆದು ಗಲಗಲಿಯ ಹೆಸರು ಬರೆಯತೊಡಗಿದಳು.